ಯಾರ ಮೈ ಓದಿ ಕಲಿತ ಬೆಳಕು?

ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ಗೊಂದಲಕ್ಕೆ ಬಿದ್ದಾಗ ತೋರಿಸುವ ಸಂಖ್ಯೆಯೊಂದಿದೆ: 85. ಬೆರಳು ಅಲುಗಾಡಿ, ನಾಡಿಮಿಡಿತ ಕೈಗೆ ಸಿಗದೆ, ಒಳಗಿನ ಎರಡೂ ದೀಪಗಳ ಬೆಳಕಿನಲ್ಲಿ ಬರೀ ಗದ್ದಲವೇ ತುಂಬಿಕೊಂಡರೆ ಉಪಕರಣದ ಲೆಕ್ಕ ಈ ಸಂಖ್ಯೆಯ ಆಸುಪಾಸಿಗೆ ಜಾರುತ್ತದೆ. ಅರಿವಳಿಕೆ ತಜ್ಞರಿಗೆ ಇದು ಚೆನ್ನಾಗಿ ಗೊತ್ತು. ಪರದೆಯ ಮೇಲೆ ಇದ್ದಕ್ಕಿದ್ದಂತೆ 85 ಮೂಡಿದರೆ ಅವರು ರೋಗಿಯನ್ನೂ ನೋಡುತ್ತಾರೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪನ್ನೂ ನೋಡುತ್ತಾರೆ. ಮನೆಯಲ್ಲಿ ಕೂತು ಮಣಿಕಟ್ಟಿನ ವಾಚು ನೋಡುವ ನಮಗೆ ಹೀಗೆ ಅನುಮಾನಿಸುವ ಅಭ್ಯಾಸವಿಲ್ಲ. ಸಂಖ್ಯೆ ಬಂತೆಂದರೆ ಅದು ಮೈಯೊಳಗಿಂದಲೇ ಎದ್ದು ಬಂದ ಸತ್ಯ ಎಂದುಕೊಳ್ಳುತ್ತೇವೆ.

ಆದರೆ ಸ್ಮಾರ್ಟ್‌ವಾಚು, ಸ್ಮಾರ್ಟ್ ಉಂಗುರ, ಬೆರಳಿನ ಆಕ್ಸಿಮೀಟರ್ ಯಾವುದೂ ರಕ್ತವನ್ನು ಮುಟ್ಟುವುದಿಲ್ಲ. ಅವು ಚರ್ಮದೊಳಕ್ಕೆ ಬೆಳಕು ಬಿಟ್ಟು, ಹೊರಬಂದಷ್ಟನ್ನು ಹಿಡಿಯುತ್ತವೆ. ಹಿಡಿದ ಬೆಳಕಿಗೂ ತೆರೆಯ ಮೇಲಿನ ಸಂಖ್ಯೆಗೂ ನಡುವೆ ಒಂದು ಕೋಷ್ಟಕವಿದೆ. ಬೆಳಕು ಇಷ್ಟಿದ್ದರೆ ಆಕ್ಸಿಜನ್ ಇಷ್ಟು ಎಂದು ಹೇಳುವ ಆ ಕೋಷ್ಟಕ ಕೆಲವು ಮನುಷ್ಯರ ಮೈ ಓದಿ ತಯಾರಾದದ್ದು. ಆ ಮನುಷ್ಯರು ಯಾರು ಎಂಬ ಪ್ರಶ್ನೆಯನ್ನು ವೈದ್ಯಲೋಕ ಬಹಳ ತಡವಾಗಿ ಕೇಳಿಕೊಂಡಿತು.

ಮೂಲತತ್ವ ಸರಳ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹಾಯಗೊಡುತ್ತದೆ, ಕಣ್ಣಿಗೆ ಕಾಣದ ಅವಗೆಂಪನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆಕ್ಸಿಜನ್ ಕಳಚಿಕೊಂಡ ಹಿಮೋಗ್ಲೋಬಿನ್ನಿನದು ಇದಕ್ಕೆ ತದ್ವಿರುದ್ಧ ನಡತೆ. ಹಾಗಾಗಿ 660 ನ್ಯಾನೋಮೀಟರ್‌ ಆಸುಪಾಸಿನ ಕೆಂಪು, 940 ನ್ಯಾನೋಮೀಟರ್‌ ಆಸುಪಾಸಿನ ಅವಗೆಂಪು ಎಂಬ ಎರಡು ಬೆಳಕುಗಳ ಅನುಪಾತ ಸಿಕ್ಕರೆ ರಕ್ತದ ಆಕ್ಸಿಜನ್ ಮಟ್ಟ ಊಹಿಸಬಹುದು. ಜರ್ಮನಿಯ ಕಾರ್ಲ್ ಮ್ಯಾಥೆಸ್ 1935ರಲ್ಲೇ ಎರಡು ತರಂಗಗಳ ಬೆಳಕನ್ನು ಕಿವಿಯ ಮೂಲಕ ಹಾಯಿಸಿ ನೋಡಿದ್ದ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗ್ಲೆನ್ ಮಿಲಿಕನ್, ಎತ್ತರದಲ್ಲಿ ಹಾರುವ ಪೈಲಟ್‌ಗಳಿಗಾಗಿ ಕಿವಿಗೆ ಸಿಕ್ಕಿಸುವ ಸಾಧನ ಮಾಡಿ ಅದನ್ನು ಆಕ್ಸಿಮೀಟರ್ ಎಂದು ಕರೆದ. ಕಷ್ಟವಿದ್ದದ್ದು ಬೇರೆ ಕಡೆ. ಬೆಳಕನ್ನು ರಕ್ತವೊಂದೇ ಹೀರುವುದಿಲ್ಲ. ಚರ್ಮ, ಮಾಂಸ, ಮೃದ್ವಸ್ಥಿ, ಅಭಿಧಮನಿಯ ಕಪ್ಪುರಕ್ತ ಎಲ್ಲವೂ ಹೀರುತ್ತವೆ. ಇವೆಲ್ಲದರ ಪಾಲನ್ನು ಕಳೆದು ಅಪಧಮನಿಯ ರಕ್ತದ ಪಾಲನ್ನಷ್ಟೇ ಬೇರ್ಪಡಿಸುವುದು ಹೇಗೆ? ಕಿವಿಯನ್ನು ಒತ್ತಿ ರಕ್ತವೆಲ್ಲ ಸರಿಯುವಂತೆ ಮಾಡಿ ಒಮ್ಮೆ, ಕಿವಿಯನ್ನು ಬಿಸಿ ಮಾಡಿ ರಕ್ತ ಹರಿಸಿ ಇನ್ನೊಮ್ಮೆ ಅಳೆಯುವಂಥ ಪಾಡು ಪಡಬೇಕಿತ್ತು.

ಈ ಗಂಟನ್ನು ಬಿಚ್ಚಿದವರು ಟಕುವೊ ಅಯೋಯಾಗಿ. ಜಪಾನಿನ ನೀಗಾಟ ಪ್ರಾಂತ್ಯದಲ್ಲಿ 1936ರಲ್ಲಿ ಹುಟ್ಟಿದ ಈ ಎಂಜಿನಿಯರ್ 1970ರ ದಶಕದ ಆರಂಭದಲ್ಲಿ ಟೋಕಿಯೊದ ನಿಹೊನ್ ಕೋಡೆನ್ ಕಂಪನಿಯಲ್ಲಿದ್ದರು. ಅವರು ಹುಡುಕುತ್ತಿದ್ದದ್ದು ಆಕ್ಸಿಜನ್ನನ್ನಲ್ಲ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ಪಂಪು ಮಾಡುತ್ತದೆಂದು ತಿಳಿಯಲು ರಕ್ತಕ್ಕೆ ಬಣ್ಣದ ದ್ರವ ಸೇರಿಸಿ, ಅದು ತೆಳುವಾಗುತ್ತಾ ಹೋಗುವುದನ್ನು ಕಿವಿಯ ಬಳಿ ಬೆಳಕಿನಿಂದ ಗಮನಿಸುತ್ತಿದ್ದರು. ಗೆರೆ ನಯವಾಗಿ ಇಳಿಯಬೇಕಿತ್ತು, ಇಳಿಯಲಿಲ್ಲ. ಪ್ರತಿ ಎದೆಬಡಿತಕ್ಕೂ ರಕ್ತನಾಳ ಉಬ್ಬಿ ಕುಗ್ಗಿ ಗೆರೆಯನ್ನು ಅಲುಗಿಸುತ್ತಿತ್ತು. ಈ ತೊಂದರೆಯನ್ನು ಅಳಿಸಲು ಅವರು ಎರಡನೆಯ ಬೆಳಕೊಂದನ್ನು ಸೇರಿಸಿ, ಒಂದರ ಅಲುಗಾಟದಿಂದ ಇನ್ನೊಂದರ ಅಲುಗಾಟವನ್ನು ರದ್ದು ಮಾಡುವ ಉಪಾಯ ಹೂಡಿದರು. ಉಪಾಯ ಫಲಿಸಿತು. ಆದರೆ ಉಸಿರು ಬಿಗಿಹಿಡಿದು ಆಕ್ಸಿಜನ್ ಇಳಿದಾಗಲೆಲ್ಲ ಆ ಹೊಂದಾಣಿಕೆ ಕೆಡುತ್ತಿತ್ತು.

ಇನ್ನೊಬ್ಬರಾಗಿದ್ದರೆ ಇದನ್ನೂ ಅಡಚಣೆಯೆಂದು ಬದಿಗೆ ಸರಿಸುತ್ತಿದ್ದರೇನೊ. ಅಯೋಯಾಗಿ ಅದರಲ್ಲೇ ಉತ್ತರ ಕಂಡರು. ಬೆರಳಾಗಲಿ ಕಿವಿಯಾಗಲಿ, ಅಲ್ಲಿ ಎದೆಬಡಿತದೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಚರ್ಮ ಮಿಡಿಯುವುದಿಲ್ಲ, ಎಲುಬು ಮಿಡಿಯುವುದಿಲ್ಲ. ಮಿಡಿಯುವ ಭಾಗವನ್ನಷ್ಟೇ ಆರಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಒಟ್ಟು ಬೆಳಕಿನಲ್ಲಿ ಮಿಡಿಯುವ ಪಾಲು ನೂರಕ್ಕೆ ಒಂದೆರಡು ಅಂಶ ಮಾತ್ರ. ಅಷ್ಟು ಸಣ್ಣ ಅಲುಗಾಟದೊಳಗೆ ಒಂದು ಜೀವದ ಉಸಿರಿನ ಲೆಕ್ಕವಿದೆ ಎಂದು ಕಂಡುಕೊಂಡದ್ದು ಇಪ್ಪತ್ತನೇ ಶತಮಾನದ ವೈದ್ಯಕೀಯ ತಂತ್ರಜ್ಞಾನದ ಅತಿ ಸುಂದರ ಕ್ಷಣಗಳಲ್ಲಿ ಒಂದು ಎಂದು ನನಗನಿಸುತ್ತದೆ. 1974ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳು ಅದನ್ನು ಬೆರಳಿನ ಕ್ಲಿಪ್ಪಾಗಿ ಆಪರೇಷನ್ ಥಿಯೇಟರುಗಳಿಗೆ ತಂದವು. ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್ 18ರಂದು. ಕೋವಿಡ್ ಹಬ್ಬಿ, ಅವರ ಉಪಕರಣಕ್ಕಾಗಿ ಜಗತ್ತೇ ಔಷಧ ಅಂಗಡಿಗಳ ಮುಂದೆ ನಿಂತಿದ್ದ ದಿನಗಳವು.

ಸಿದ್ಧಾಂತವೇನೋ ಸುಂದರ. ಆದರೆ ಅಂಗಾಂಶದೊಳಗೆ ಬೆಳಕು ನೇರ ಸಾಗುವುದಿಲ್ಲ, ದಿಕ್ಕುದಿಕ್ಕಿಗೆ ಚೆದರುತ್ತದೆ. ಸೂತ್ರ ಹಚ್ಚಿ ಅನುಪಾತದಿಂದ ಆಕ್ಸಿಜನ್ ಮಟ್ಟ ತೆಗೆಯಲು ಹೋದರೆ ಉತ್ತರ ತಪ್ಪುತ್ತದೆ. ಹೀಗಾಗಿ ತಯಾರಕರು ಹಿಡಿದದ್ದು ಪ್ರಯೋಗದ ದಾರಿ. ಆರೋಗ್ಯವಂತ ಸ್ವಯಂಸೇವಕರಿಗೆ ಹಂತಹಂತವಾಗಿ ಕಡಿಮೆ ಆಕ್ಸಿಜನ್ನಿನ ಗಾಳಿ ಉಸಿರಾಡಿಸಿ, ರಕ್ತದ ಮಟ್ಟವನ್ನು ಶೇ 70ರವರೆಗೂ ಇಳಿಸಿ, ಪ್ರತಿ ಹಂತದಲ್ಲೂ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿ, ಆ ಕ್ಷಣದ ಬೆಳಕಿನ ಅನುಪಾತದ ಎದುರು ಬರೆದಿಡುವುದು. ಅನುಪಾತ 1 ಎಂದಾದರೆ ಆಕ್ಸಿಜನ್ ಸುಮಾರು 85. ಗದ್ದಲ ಎರಡೂ ಬೆಳಕುಗಳನ್ನು ಒಂದೇ ಸಮ ಅಲುಗಿಸಿದಾಗ ಅನುಪಾತ 1ರ ಹತ್ತಿರ ಬರುತ್ತದೆ. ಗೊಂದಲದ 85 ಹುಟ್ಟುವುದು ಅಲ್ಲೇ. 70ಕ್ಕಿಂತ ಕೆಳಗೆ ಇಳಿಸಿದರೆ ಸ್ವಯಂಸೇವಕರ ಜೀವಕ್ಕೇ ಅಪಾಯವಾದ್ದರಿಂದ ಅಲ್ಲಿಂದಾಚೆಗಿನ ಸಂಖ್ಯೆಗಳಿಗೆ ಮೈಯ ಸಾಕ್ಷಿಯೇ ಇಲ್ಲ, ಗೆರೆಯನ್ನು ಅಂದಾಜಿನಲ್ಲಿ ಮುಂದಕ್ಕೆಳೆದದ್ದಷ್ಟೇ.

ಎಷ್ಟು ಜನರ ಮೇಲೆ ಇದನ್ನು ಪರೀಕ್ಷಿಸಬೇಕು? ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಹತ್ತು ಜನ. ಅವರಲ್ಲಿ ಕಪ್ಪು ಚರ್ಮದವರು ಕನಿಷ್ಠ ಇಬ್ಬರು, ಇಲ್ಲವೇ ಒಟ್ಟು ಸಂಖ್ಯೆಯ ಶೇ 15. ಎರಡರಲ್ಲಿ ಯಾವುದು ಹೆಚ್ಚೋ ಅದು. ಜಗತ್ತಿನ ಮಾರುಕಟ್ಟೆಗೆಲ್ಲ ಹೋಗುವ ಉಪಕರಣಕ್ಕೆ ಕಪ್ಪು ಮೈಯ ಇಬ್ಬರು ಸಾಕಾಗುತ್ತಿದ್ದರು.

ಚರ್ಮ ಮಿಡಿಯುವುದಿಲ್ಲವಾದ್ದರಿಂದ ಅದರ ಬಣ್ಣ ಲೆಕ್ಕಕ್ಕೆ ಬರಲೇಬಾರದಿತ್ತು. ಆ ತರ್ಕದ ಸೊಗಸೇ ಬಹಳ ಕಾಲ ಕಣ್ಣು ಮುಚ್ಚಿಸಿತು. ವಾಸ್ತವದಲ್ಲಿ ಎಲ್‌ಇಡಿ ದೀಪ ಒಂದೇ ತರಂಗದ ಶುದ್ಧ ಬೆಳಕು ಕೊಡುವುದಿಲ್ಲ, ಅಕ್ಕಪಕ್ಕದ ತರಂಗಗಳನ್ನೂ ಹೊರಸೂಸುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅವನ್ನೆಲ್ಲ ಸಮನಾಗಿ ಹೀರದೆ ಗಿಡ್ಡ ತರಂಗಗಳನ್ನು ಹೆಚ್ಚು ಹೀರುತ್ತದೆ. ರಕ್ತವನ್ನು ತಲುಪುವ ಹೊತ್ತಿಗೆ ಕೆಂಪಿನ ಸ್ವರೂಪವೇ ಕೊಂಚ ಬದಲಾಗಿರುತ್ತದೆ, ಅನುಪಾತ ಜರುಗುತ್ತದೆ. ತಜ್ಞರು ಕೊಡುವ ಮುಖ್ಯ ವಿವರಣೆ ಇದು. ಜರುಗುವುದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ: ಕಪ್ಪು ಚರ್ಮದವರ ಆಕ್ಸಿಜನ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಂದರೆ ಅಪಾಯ ಮರೆಯಾಗುತ್ತದೆ.

1990ರಲ್ಲೇ ಅಮೆರಿಕದ ವೈದ್ಯರಾದ ಅಮಲ್ ಜುಬ್ರಾನ್ ಮತ್ತು ಮಾರ್ಟಿನ್ ಟೋಬಿನ್ ಇದನ್ನು ಬರೆದಿದ್ದರು. ವೆಂಟಿಲೇಟರಿನಲ್ಲಿದ್ದ ಬಿಳಿಯ ರೋಗಿಗಳಿಗೆ ಆಕ್ಸಿಮೀಟರಿನ 92 ನೆಚ್ಚಬಹುದಾದ ಗುರಿಯಾದರೆ, ಕಪ್ಪು ರೋಗಿಗಳಿಗೆ 95 ಬೇಕಾಗುತ್ತದೆ ಎಂದು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು ಸ್ವಯಂಸೇವಕರ ಮೇಲೆ ಇದನ್ನು ಮತ್ತೆ ತೋರಿಸಿದರು. ಹೆಚ್ಚೇನೂ ಬದಲಾಗಲಿಲ್ಲ. 2020ರಲ್ಲಿ ಎಂಐಟಿಯ ಮಾನವಶಾಸ್ತ್ರಜ್ಞೆ ಏಮಿ ಮೊರಾನ್-ಥಾಮಸ್, ಕೋವಿಡ್ ಬಂದ ಗಂಡನಿಗಾಗಿ ತಂದ ಆಕ್ಸಿಮೀಟರ್ ಹೇಗೆ ಕೆಲಸ ಮಾಡುತ್ತದೆಂದು ಕೆದಕಲು ಹೋಗಿ ಈ ಹಳೆಯ ಪ್ರಬಂಧಗಳನ್ನು ಹೊರತೆಗೆದು ಲೇಖನ ಬರೆದರು. ಅದನ್ನೋದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಮೈಕೆಲ್ ಶೋಡಿಂಗ್ ಮತ್ತು ಸಂಗಡಿಗರು ಆಸ್ಪತ್ರೆಯ ದಾಖಲೆಗಳನ್ನು ತೆರೆದರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ಅಪಧಮನಿಯ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6, ಕಪ್ಪುಜನರಲ್ಲಿ ಶೇ 11.7. ಡಿಸೆಂಬರ್ 2020ರಲ್ಲಿ ಈ ಅಂಕಿಗಳು ಪ್ರಕಟವಾದ ಮೇಲೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಮೊದಲ ಪ್ರಬಂಧಕ್ಕೂ ಎಚ್ಚರಿಕೆಗೂ ನಡುವೆ ಮೂವತ್ತು ವರ್ಷ.

2020ರಲ್ಲಿ, ಅದರ ಮರುವರ್ಷ ನಾವೂ ಒಂದು ಸಂಖ್ಯೆಯನ್ನು ಮಂತ್ರದಂತೆ ಜಪಿಸುತ್ತಿದ್ದೆವು: 94. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆ, ಮೇಲಿದ್ದರೆ ಮನೆ. ಆಶಾ ಕಾರ್ಯಕರ್ತೆಯರು ಹಳ್ಳಿಯ ಜಗಲಿಗಳಲ್ಲಿ ಬೆರಳಿಗೆ ಕ್ಲಿಪ್ ಸಿಕ್ಕಿಸಿ ಓದಿ ಬರೆದುಕೊಂಡದ್ದು ಅದನ್ನೇ. ಬೆಲೆ ಎಷ್ಟು ಏರಿತೆಂದರೆ ಜುಲೈ 2021ರಲ್ಲಿ ಕೇಂದ್ರ ಸರ್ಕಾರ ಆಕ್ಸಿಮೀಟರ್ ಸೇರಿದಂತೆ ಐದು ಉಪಕರಣಗಳ ವ್ಯಾಪಾರಿ ಲಾಭಕ್ಕೆ ಶೇ 70ರ ಮಿತಿ ಹಾಕಬೇಕಾಯಿತು. ಬಿಸಿಲಲ್ಲಿ ದುಡಿದು ಕಪ್ಪಾದ ಕೈಬೆರಳಿನಲ್ಲಿ 95 ಎಂದು ಮೂಡಿದ ಆ ಸಂಖ್ಯೆ ಎಷ್ಟು ಮಂದಿಯನ್ನು ಮನೆಯಲ್ಲೇ ಉಳಿಸಿತು? ಅದನ್ನು ಈಗ ಯಾರೂ ಎಣಿಸಲಾರರು. ಈ ನೋವು ಮನಸ್ಸಿನಲ್ಲಿ ಉಳಿದಿರುವುದರಿಂದಲೇ ಈ ಪುಟ್ಟ ದೀಪಗಳ ಬಗ್ಗೆ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಉಪಕರಣ ಕೆಟ್ಟದೆಂದಲ್ಲ, ಅದು ಉಳಿಸಿದ ಜೀವಗಳು ಅಸಂಖ್ಯ. ಅದರ ಮಿತಿಯನ್ನು ಬಲ್ಲವರು ಬಳಸುವವರಿಗೆ ಹೇಳಲಿಲ್ಲ ಎಂಬುದೇ ತಕರಾರು.

ಈಗ ಮಣಿಕಟ್ಟಿಗೆ ಬರೋಣ. ವಾಚಿನ ಬೆನ್ನಲ್ಲಿ ಮಿನುಗುವುದು ಹಸಿರು ದೀಪ. ಹಸಿರನ್ನು ರಕ್ತ ಗಾಢವಾಗಿ ಹೀರುತ್ತದೆ, ಆ ಬೆಳಕು ಚರ್ಮದ ಮೇಲ್ಪದರದಲ್ಲೇ ಓಡಾಡಿ ಹಿಂದಿರುಗುತ್ತದೆ. ಹಾಗಾಗಿ ಆಳದ ಸ್ನಾಯುಗಳ ಚಲನೆ ಅದನ್ನು ಅಷ್ಟಾಗಿ ಕದಡದು. ಎದೆಬಡಿತ ಎಣಿಸಲು ಅನುಪಾತ ಬೇಡ, ಮಿಡಿತಗಳ ಶಿಖರಗಳನ್ನು ಎಣಿಸಿದರೆ ಸಾಕು. ಮೆಲನಿನ್ ಹಸಿರನ್ನೂ ಚೆನ್ನಾಗಿ ನುಂಗುತ್ತದಾದರೂ ವಾಚು ದೀಪದ ಪ್ರಖರತೆ ಏರಿಸಿ ಸರಿದೂಗಿಸಿಕೊಳ್ಳಬಲ್ಲದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ 53 ಜನರ ಮೇಲೆ ಹಲವು ವಾಚುಗಳನ್ನು ಹೋಲಿಸಿದಾಗ ಎದೆಬಡಿತದ ನಿಖರತೆಯಲ್ಲಿ ಚರ್ಮದ ಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ತಂದದ್ದು ಚಲನೆ: ಸುಮ್ಮನೆ ಕೂತಾಗಿನದಕ್ಕಿಂತ ಚಟುವಟಿಕೆಯಲ್ಲಿ ತಪ್ಪು ಸರಾಸರಿ ಶೇ 30ರಷ್ಟು ಹೆಚ್ಚು. ಓಡುವಾಗ ವಾಚು ಕೆಲವೊಮ್ಮೆ ಹೆಜ್ಜೆಗಳ ಲಯವನ್ನೇ ಎದೆಬಡಿತವೆಂದು ಹಿಡಿದು 170 ಎಂದು ತೋರಿಸುವುದೂ ಉಂಟು. ಹಚ್ಚೆ ಹಾಕಿಸಿಕೊಂಡ ಮಣಿಕಟ್ಟಿನಲ್ಲಿ ಸೆನ್ಸರ್ ತಡವರಿಸಬಹುದೆಂದು ಆಪಲ್ 2015ರಲ್ಲೇ ಒಪ್ಪಿಕೊಂಡಿತ್ತು.

ಈ ಹಸಿರು ದೀಪದ ನಿಜವಾದ ಬಲ ಗೊತ್ತಾದದ್ದು ಲಯ ತಪ್ಪಿದ ಹೃದಯಗಳನ್ನು ಹುಡುಕಿದಾಗ. ಸ್ಟ್ಯಾನ್‌ಫರ್ಡ್ ವೈದ್ಯರು ಆಪಲ್ ವಾಚಿನ ಮೂಲಕ 4,19,297 ಜನರನ್ನು ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದದ್ದು ಶೇ 0.52 ಮಂದಿಗೆ. ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಹಿಂದಿರುಗಿಸಿದವರ ಪೈಕಿ ಶೇ 34 ಜನರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡಿತು. ಉಳಿದವರಿಗೆ ತೊಂದರೆಯೇ ಇಲ್ಲವೆಂದು ಹೇಳುವಂತಿಲ್ಲ. ಈ ಲಯದೋಷ ಬಂದು ಹೋಗುವಂಥದ್ದು, ಪಟ್ಟಿ ಕಟ್ಟಿದ ದಿನಗಳಲ್ಲಿ ಅಡಗಿ ಕೂತಿರಬಹುದು. ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡುವ ದೋಷವನ್ನು ರೋಗಿಗೆ ಅರಿವಿಲ್ಲದೆಯೇ ಒಂದು ದೀಪ ಗುರುತಿಸುವುದು ಸಣ್ಣ ಮಾತಲ್ಲ.

ರಕ್ತದ ಆಕ್ಸಿಜನ್ ವಿಷಯದಲ್ಲಿ ಮಾತ್ರ ಮಣಿಕಟ್ಟು ಕಷ್ಟದ ಜಾಗ. ಬೆರಳಿನಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ಮಣಿಕಟ್ಟಿನಲ್ಲಿ ಪುಟಿದು ಬಂದದ್ದನ್ನೇ ನೆಚ್ಚಬೇಕು, ಮಿಡಿತವೂ ಅಲ್ಲಿ ಕ್ಷೀಣ. ಉಂಗುರಗಳು ಬೆರಳಿನ ಒಳಬದಿಗೆ ದೀಪವಿಡುವುದರ ಹಿಂದೆ ಒಳ್ಳೆಯ ಕಾರಣವಿದೆ: ಅಲ್ಲಿ ಮೆಲನಿನ್ ಕಡಿಮೆ, ರಕ್ತನಾಳ ಸಮೃದ್ಧ. ಆಕ್ಸಿಮೀಟರ್ ತಯಾರಿಸುವ ಮಸಿಮೊ ಕಂಪನಿ ಮತ್ತು ಆಪಲ್ ನಡುವಿನ ಪೇಟೆಂಟ್ ಜಗಳ ಇನ್ನೊಂದು ಸಂಗತಿಯನ್ನು ಬಯಲು ಮಾಡಿತು. ಜನವರಿ 2024ರಿಂದ ಅಮೆರಿಕದಲ್ಲಿ ಮಾರಿದ ಹೊಸ ಆಪಲ್ ವಾಚುಗಳಲ್ಲಿ ಆಕ್ಸಿಜನ್ ಅಳತೆ ನಿಂತುಹೋಗಿತ್ತು. ಆಗಸ್ಟ್ 2025ರಲ್ಲಿ ಅದು ಮರಳಿದಾಗ ಲೆಕ್ಕ ಮಾಡುವ ಜಾಗ ವಾಚಿನಿಂದ ಫೋನಿಗೆ ಹೋಗಿತ್ತು. ದೀಪ ಅದೇ, ಸೆನ್ಸರ್ ಅದೇ. ಕಂಪನಿಗಳು ಕಾದಾಡುವುದು ಲೆಕ್ಕಕ್ಕಾಗಿ.

ಮುಂದಿನ ಆಸೆ ರಕ್ತದ ಸಕ್ಕರೆ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ವಾಚುಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಂಥ ಒಂದು ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಎಫ್‌ಡಿಎ ಫೆಬ್ರುವರಿ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಿಮೋಗ್ಲೋಬಿನ್ ಬೆಳಕಿಗೆ ಗಟ್ಟಿಯಾಗಿ ಓಗೊಡುತ್ತದೆ. ಗ್ಲೂಕೋಸಿನ ದನಿ ಮೈತುಂಬ ಇರುವ ನೀರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಧ್ರುವೀಕರಿಸಿದ ಲೇಸರ್ ಬೆಳಕಿನಿಂದ ಅಂಗಾಂಶದಲ್ಲಿ ಶಬ್ದತರಂಗ ಎಬ್ಬಿಸಿ ಗ್ಲೂಕೋಸ್ ಅಂದಾಜಿಸುವ ಭರವಸೆಯ ಕೆಲಸ ಮಾಡುತ್ತಿದೆ. ಅದು ಇನ್ನೂ ಪ್ರಯೋಗಾಲಯದ ಮಾತು. ಅಗ್ಗದ ವಾಚಿನ ಸಂಖ್ಯೆ ನಂಬಿ ಇನ್ಸುಲಿನ್ ಪ್ರಮಾಣ ನಿರ್ಧರಿಸಿದರೆ ಪ್ರಾಣಕ್ಕೇ ಕುತ್ತು.

ಎಫ್‌ಡಿಎ ಜನವರಿ 2025ರಲ್ಲಿ ಹೊಸ ಕರಡು ಮಾರ್ಗಸೂಚಿ ತಂದಿದೆ. ಪರೀಕ್ಷೆಗೆ ಹತ್ತು ಜನರ ಬದಲು ಕನಿಷ್ಠ 150 ಜನ, ಚರ್ಮದ ಬಣ್ಣ ಗುರುತಿಸಲು ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿದ ಹತ್ತು ಛಾಯೆಗಳ ಮಾಪಕ. ಆದರೆ ಇದು ವೈದ್ಯಕೀಯ ಆಕ್ಸಿಮೀಟರುಗಳ ಮಾತು. ಕ್ಷೇಮಪಾಲನೆಯ ಸಾಧನವೆಂದು ಮಾರುವ ವಾಚು, ಉಂಗುರಗಳು ಇದರಿಂದ ಹೊರಗೆ. ನಮ್ಮಲ್ಲಿ ಒಂದೇ ತಾಲ್ಲೂಕಿನಲ್ಲಿ, ಒಂದೇ ಮನೆಯಲ್ಲೂ ಆ ಹತ್ತರಲ್ಲಿ ಹಲವು ಛಾಯೆಗಳು ಸಿಗುತ್ತವೆ. ಅಲ್ಟ್ರಾಹ್ಯೂಮನ್‌ನಂಥ ಉಂಗುರ ತಯಾರಕರು ಬೆಂಗಳೂರಿನಲ್ಲೇ ಇದ್ದಾರೆ. ಯಾವ ಛಾಯೆಯ ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ, ತಪ್ಪು ಎಷ್ಟು ಬಂತು ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಎಂದು ಇಲ್ಲಿ ಮಾರುವ ಎಲ್ಲ ಕಂಪನಿಗಳನ್ನೂ ಕೇಳುವ ಹಕ್ಕು ಕೊಳ್ಳುವವರಿಗಿದೆ.

ಅಲ್ಲಿಯವರೆಗೆ, ಮನೆಯಲ್ಲಿ ಅಳೆಯುವವರು ಕೈ ಬೆಚ್ಚಗೆ ಮಾಡಿಕೊಂಡು, ಉಗುರುಬಣ್ಣ ಒರೆಸಿ, ಅಲುಗಾಡದೆ ಕೂತು, ಸಂಖ್ಯೆ ಒಂದು ಕಡೆ ನಿಲ್ಲುವವರೆಗೂ ಕಾಯಬೇಕು. ಆರೋಗ್ಯವಾಗಿರುವಾಗಲೇ ನಾಲ್ಕಾರು ದಿನ ಅಳೆದು ತಮ್ಮ ಎಂದಿನ ಮಟ್ಟ ಬರೆದಿಟ್ಟುಕೊಂಡರೆ ಒಳ್ಳೆಯದು. 98 ಇರುತ್ತಿದ್ದವರಿಗೆ 94 ಬಂದರೆ ಆ ಇಳಿಕೆ ಮುಖ್ಯ. ಏದುಸಿರು ಬರುತ್ತಿದ್ದು, ತುಟಿ ನೀಲಿಗಟ್ಟುತ್ತಿದ್ದು, ಮಾತು ತಡವರಿಸುತ್ತಿದ್ದರೆ ಕ್ಲಿಪ್ 96 ತೋರಿಸಿದರೂ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಲು ಹಿಂಜರಿಯಬಾರದು.