ಈಜಿನಲ್ಲಿ ತೋಳ್ಬಲಕ್ಕಿಂತ ಕ್ರಮವೇ ಮೇಲು

ಈಜು ಸರ್ವಾಂಗಗಳಿಗೂ ವ್ಯಾಯಾಮವೆಂಬುದು ಸರ್ವವಿದಿತ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಊರಿನ ಬಾವಿ, ಕೆರೆ, ಹೊಳೆಗಳಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ಅನೇಕರು. ನಲವತ್ತು ದಾಟಿದ ಮೇಲೆ ಮೈಭಾರವೂ ರಕ್ತದೊತ್ತಡವೂ ಏರಿ, ವೈದ್ಯರ ಸಲಹೆಯಂತೆ ಇವರು ಮತ್ತೆ ನೀರಿಗಿಳಿಯುವುದುಂಟು. ಆದರೆ ಈಜುಕೊಳದ ಆಚೆಯ ದಡ ಸೇರುವಷ್ಟರಲ್ಲಿ ಏದುಸಿರು ಬರುತ್ತದೆ, ವಯಸ್ಸಾಯಿತೆಂದು ಕೈಬಿಡುತ್ತಾರೆ. ದೋಷವಿರುವುದು ಬಹುತೇಕ ವಯಸ್ಸಿನಲ್ಲಲ್ಲ, ಕ್ರಮದಲ್ಲಿ.

ಬಾವಿಯ ಈಜಿಗೆ ಮುಳುಗದಿರುವುದೇ ಗುರಿ. ಆದುದರಿಂದ ತಲೆ ಸದಾ ನೀರಿನ ಮೇಲಿರುತ್ತದೆ. ತಲೆ ಎತ್ತಿದೊಡನೆ ಸೊಂಟ, ಕಾಲುಗಳು ತಗ್ಗಿ, ಇಡೀ ದೇಹವೇ ನೀರಿಗೆ ಅಡ್ಡವಾಗುತ್ತದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಮಡಿಯಾಗುತ್ತದೆ. ತೋಳು ಬೀಸಿ ಬಲ ವ್ಯಯಿಸುವುದಕ್ಕಿಂತ ತಡೆಯನ್ನು ತಗ್ಗಿಸುವುದೇ ಲಾಭಕರ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ತರಬೇತುದಾರ ಜೇಮ್ಸ್ ಕೌನ್ಸಿಲ್‌ಮನ್ ನೀರಿನಡಿಯಲ್ಲಿ ಚಲನಚಿತ್ರ ತೆಗೆದು ಈಜುಗಾರರ ಚಲನೆಯನ್ನು ಅಭ್ಯಸಿಸಿದವರು. ಅವರ ಶಿಷ್ಯ ಮಾರ್ಕ್ ಸ್ಪಿಟ್ಜ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 7 ಚಿನ್ನದ ಪದಕ ಗಳಿಸಿದರು. ಕೌನ್ಸಿಲ್‌ಮನ್ ತಾವೇ 1979ರಲ್ಲಿ, 58ನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ನಲವತ್ತಕ್ಕೇ ನಿರಾಶರಾಗುವವರು ಇದನ್ನು ನೆನೆಯಬೇಕು.

ಈಜನ್ನು ಬಿಡಿಬಿಡಿಯಾಗಿ ಒಡೆದು ಕಲಿಯುವುದೇ ಸುಧಾರಣೆಯ ದಾರಿ. ಫ್ರೀಸ್ಟೈಲ್ ಈಜಿಗೆ ಈ ಅಭ್ಯಾಸಗಳು ಉಪಯುಕ್ತ:

1. ಉಸಿರು: ದಡದ ಕಂಬಿ ಹಿಡಿದು ಮುಖವನ್ನು ನೀರಿನಲ್ಲಿಟ್ಟು, ಮೂಗು ಬಾಯಿಗಳಿಂದ ಉಸಿರನ್ನು ಮೆಲ್ಲನೆ ಬಿಡಬೇಕು, ಮುಖವನ್ನು ಪಕ್ಕಕ್ಕೆ ಹೊರಳಿಸಿ ಒಳಗೆಳೆದುಕೊಳ್ಳಬೇಕು. ನೀರಿನೊಳಗೆ ಉಸಿರು ಕಟ್ಟುವುದೇ ಏದುಸಿರಿಗೆ ಮುಖ್ಯ ಕಾರಣ.

2. ಜಾರುವಿಕೆ: ಗೋಡೆಯನ್ನು ಕಾಲಿನಿಂದ ಒದ್ದು, ಕೈಗಳನ್ನು ಮುಂದೆ ಚಾಚಿ, ದೃಷ್ಟಿಯನ್ನು ತಳದತ್ತ ಇಟ್ಟು ಬಾಣದಂತೆ ಸಾಗಬೇಕು.

3. ಪಕ್ಕದ ಒದೆತ: ಒಂದು ಮಗ್ಗುಲಾಗಿ, ಕೆಳಗಿನ ತೋಳನ್ನು ಮುಂದೆ ಚಾಚಿ, ಮೊಣಕಾಲಿನಿಂದಲ್ಲದೆ ಸೊಂಟದಿಂದ ಕಾಲು ಬಡಿಯಬೇಕು.

4. ಕೈ ಕಾಯುವಿಕೆ: ಒಂದು ಕೈ ಸುತ್ತಿ ಬಂದು ಸೇರುವವರೆಗೆ ಇನ್ನೊಂದು ಕೈ ಮುಂದೆಯೇ ಚಾಚಿರಬೇಕು. ಅವಸರದ ಬೀಸು ಇದರಿಂದ ನಿಲ್ಲುತ್ತದೆ.

5. ಮುಷ್ಟಿ ಈಜು: ಮುಷ್ಟಿ ಬಿಗಿದು ಸ್ವಲ್ಪ ದೂರ ಈಜಿ, ಬಳಿಕ ಅಂಗೈ ತೆರೆಯಬೇಕು. ಮುಂಗೈಯಿಂದಲೂ ನೀರನ್ನು ಹಿಂದಕ್ಕೆ ಒತ್ತಬಹುದೆಂಬುದು ಆಗ ಅರಿವಾಗುತ್ತದೆ.

ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಆರಂಭಕ್ಕೆ ಸಾಕು: ಐದು ನಿಮಿಷ ಮೆಲ್ಲನೆಯ ಈಜು, ಹದಿನೈದು ನಿಮಿಷ ಈ ಅಭ್ಯಾಸಗಳು, ಹತ್ತು ನಿಮಿಷ ಪೂರ್ಣ ಈಜು. ಒಂದು ದಡದಿಂದ ಇನ್ನೊಂದಕ್ಕೆ ಎಷ್ಟು ಬಾರಿ ಕೈ ಬೀಸಬೇಕಾಯಿತೆಂದು ಎಣಿಸಿ ಬರೆದಿಡಬೇಕು. ಸಮಯ ಹೆಚ್ಚದೆ ಬೀಸು ಕಡಿಮೆಯಾದರೆ ಅದೇ ಉಳಿತಾಯ. ದಣಿವಿನಿಂದ ಕ್ರಮ ಕೆಟ್ಟೊಡನೆ ನಿಲ್ಲಿಸುವುದು ಲೇಸು. ದಣಿದ ದೇಹ ತಪ್ಪನ್ನೇ ರೂಢಿಸಿಕೊಳ್ಳುತ್ತದೆ.

ಹೃದ್ರೋಗ, ರಕ್ತದೊತ್ತಡ, ಮೂರ್ಛೆರೋಗವುಳ್ಳವರು ವೈದ್ಯರ ಅನುಮತಿಯಿಲ್ಲದೆ ನೀರಿಗಿಳಿಯಬಾರದು. ಭುಜ ನೋಯತೊಡಗಿದರೆ ವಿಶ್ರಾಂತಿ ಅಗತ್ಯ. ನೀರಿನಡಿ ಉಸಿರು ಬಿಗಿಹಿಡಿಯುವ ಪಂದ್ಯ ಸಲ್ಲದು. ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಒಂಟಿಯಾಗಿ ಈಜುವುದು ನಿಪುಣರಿಗೂ ತರವಲ್ಲ.

ಬಾಲ್ಯದ ಬಾವಿ ಕಲಿಸಿದ್ದು ನೀರಿನ ಭಯವನ್ನು ಗೆಲ್ಲುವುದನ್ನು. ಅದು ಸಣ್ಣ ಬಂಡವಾಳವಲ್ಲ. ಅದಕ್ಕೆ ಕ್ರಮವನ್ನು ಕೂಡಿಸಿದರೆ ಇಳಿವಯಸ್ಸಿಗೂ ಆರೋಗ್ಯದ ಬಡ್ಡಿ ದೊರೆಯುವುದು.