ಎರಡೂ ತೋಳುಗಳ ಸ್ವಾಧೀನ ನಷ್ಟ: ದಾಖಲೆಯೇ ಪರಿಹಾರಕ್ಕೆ ಆಧಾರ

ಅಫಜಲಪುರ ತಾಲ್ಲೂಕಿನ ಚೌಡಾಪುರದಂತಹ ಊರುಗಳಲ್ಲಿ ತೊಗರಿಯ ಸುಗ್ಗಿ ಬಂತೆಂದರೆ ವ್ಯಾಪಾರವೆಲ್ಲ ದುಡಿಯುವವರ ತೋಳುಗಳ ಮೇಲೆಯೇ ನಿಂತಿರುತ್ತದೆ. ಚೀಲಗಳ ಥಪ್ಪಿಯಿಂದ ಬಿದ್ದ ಕಾರ್ಮಿಕನಿಗೆ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ನಡುಭಾಗಕ್ಕೆ ಪೆಟ್ಟಾದರೆ, ಕಾಲುಗಳು ಚೇತರಿಸಿಕೊಂಡರೂ ಎರಡೂ ತೋಳುಗಳು ಸ್ವಾಧೀನ ಕಳೆದುಕೊಳ್ಳುವುದುಂಟು. ಜನರು ಇದನ್ನು ‘ಲಕ್ವಾ ಹೊಡೆಯಿತು’ ಎಂದುಬಿಡುತ್ತಾರೆ. ಅದೇ ಮಾತು ಆಸ್ಪತ್ರೆಯ ಕಾಗದದಲ್ಲಿಯೂ ಉಳಿದರೆ ಪರಿಹಾರದ ಕಡತ ತೊಡರುತ್ತದೆ.

ಸಂಕೇತ ಹೇಳುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಎರಡೂ ತೋಳುಗಳ ಸ್ವಾಧೀನ ನಷ್ಟಕ್ಕೆ ಜಿ 83.0 ಎಂಬ ಸಂಕೇತವಿದೆ. ಒಂದೇ ತೋಳಿಗೆ ಜಿ 83.2, ದೇಹದ ಒಂದು ಪಾರ್ಶ್ವಕ್ಕೆ ಜಿ 81. ಆದರೆ ಜಿ 83.0 ಸ್ಥಿತಿಯನ್ನಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಕುತ್ತಿಗೆಯ ನರ ಹಾಗೂ ಬೆನ್ನುಹುರಿಯ ಗಾಯಕ್ಕೆ ಎಸ್ 14, ಎತ್ತರದಿಂದ ಬಿದ್ದದ್ದಕ್ಕೆ ಬಾಹ್ಯ ಕಾರಣದ ಸಂಕೇತ, ಇವೂ ಜೊತೆಗಿದ್ದಾಗಲೇ ಗಾಯಕ್ಕೂ ಕೆಲಸಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ.

ಕಾನೂನಿನ ಲೆಕ್ಕ

1923ರ ಪರಿಹಾರ ಕಾಯ್ದೆಯ ಅನುಸೂಚಿಯು ಎರಡೂ ಕೈಗಳ ನಷ್ಟವನ್ನು ಶೇ. 100 ದುಡಿಮೆ ನಷ್ಟವೆಂದು ಎಣಿಸಿತ್ತು. ಅಂಗವು ಕತ್ತರಿಸಿ ಹೋಗದಿದ್ದರೂ ಅದರ ಉಪಯೋಗ ಸಂಪೂರ್ಣವಾಗಿ, ಶಾಶ್ವತವಾಗಿ ಹೋದರೆ ಅದು ಅಂಗನಷ್ಟಕ್ಕೆ ಸಮವೆಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ.

ಉದಾಹರಣೆಗೆ, 40 ವರ್ಷದ ಕಾರ್ಮಿಕನ ಮಾಸಿಕ ವೇತನ ರೂ. 10,000 ಎಂದಿಟ್ಟುಕೊಳ್ಳೋಣ. ಅದರ ಶೇ. 60, ಅಂದರೆ ರೂ. 6,000ವನ್ನು ವಯೋಮಾನದ ಗುಣಕ 184.17ರಿಂದ ಗುಣಿಸಿದರೆ ಪರಿಹಾರ ರೂ. 11,05,020. ಒಂದೇ ತೋಳು ಭುಜದಿಂದ ಹೋಗಿದೆಯೆಂದು ದಾಖಲಾದರೆ ಶೇ. 90, ಒಂದು ಹಸ್ತ ಮಾತ್ರವೆಂದರೆ ಶೇ. 60, ಅಂದರೆ ರೂ. 6,63,012. ಕನ್ನಡದಲ್ಲಿ ‘ಕೈ’ ಎಂದರೆ ಹಸ್ತವೂ ಹೌದು, ತೋಳೂ ಹೌದು. ಈ ಒಂದು ಪದದ ಅಸ್ಪಷ್ಟತೆಯು ಕುಟುಂಬವೊಂದರ ಹಲವು ವರ್ಷಗಳ ಅನ್ನವನ್ನು ಕಸಿಯಬಲ್ಲದು.

ಮಾಲೀಕರು ಮಾಡಬೇಕಾದುದು

ಅಪಘಾತ ನಡೆದ ದಿನವೇ ವಹಿಯಲ್ಲಿ ಸಮಯ, ಸ್ಥಳ, ಸಾಕ್ಷಿಗಳ ಹೆಸರು ನಮೂದಾಗಬೇಕು. ವೇತನ ವಹಿ ಹಾಗೂ ವಯಸ್ಸಿನ ದಾಖಲೆ ಸಿದ್ಧವಿರಬೇಕು. ಬಿಡುಗಡೆ ಪತ್ರದಲ್ಲಿ ಎರಡೂ ತೋಳುಗಳು, ಯಾವ ಮಟ್ಟದಿಂದ, ತಾತ್ಕಾಲಿಕವೋ ಶಾಶ್ವತವೋ ಎಂಬುದು ಬರೆದಿದೆಯೇ ಎಂದು ನೋಡಿಕೊಳ್ಳಬೇಕು. ಸಂಕೇತವು ರೋಗವನ್ನು ಗುರುತಿಸುತ್ತದೆ; ದುಡಿಮೆ ನಷ್ಟವನ್ನು ಅಳೆಯುವುದು ವೈದ್ಯರ ಪ್ರಮಾಣಪತ್ರ. ಕಾರ್ಮಿಕನು ರಾಜ್ಯ ವಿಮೆಗೆ ಒಳಪಟ್ಟಿದ್ದರೆ ಹೊಣೆ ನಿಗಮದ್ದು, ಇಲ್ಲವಾದರೆ ಮಾಲೀಕನದೇ. ಪಾವತಿ ಒಂದು ತಿಂಗಳು ಮೀರಿದರೆ ಶೇ. 12ರ ಬಡ್ಡಿ, ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡ.

ಸರಕಿನ ಲೆಕ್ಕವನ್ನು ಕಾಳು ಕಾಳಾಗಿ ಇಡುವ ವರ್ತಕರಿಗೆ, ಆ ಸರಕನ್ನು ಹೊತ್ತ ತೋಳುಗಳ ಲೆಕ್ಕವನ್ನೂ ಅಷ್ಟೇ ಚೊಕ್ಕಟವಾಗಿ ಇಡುವುದು ಕಷ್ಟವೇನಲ್ಲ.