ಪಟ ಕೊಡಲು ಮತ್ತೆ ಮರವಂತೆಗೆ

‘ಪಟ ತೆಗುಕೆ ಎಲ್ರೂ ಬತ್ರ್, ಕೊಡುಕೆ ಯಾರೂ ಬತ್ತಿಲ್ಲ.’

ಮರವಂತೆಯ ಕಡಲ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಅಜ್ಜಿಯೊಬ್ಬರು ನಗುತ್ತಲೇ ಹೇಳಿದ ಮಾತಿದು. ನಾನಾಗ ಅವರ ಮುಂದೆ ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದೆ. ‘ನಾನು ತಂದುಕೊಡ್ತೀನಿ ಅಜ್ಜಿ’ ಅಂದುಬಿಟ್ಟೆ. ಹಾಗನ್ನುವುದು ಸುಲಭ. ಮುಂದಿನ ಜಾಗಕ್ಕೆ ಹೊರಡುವ ಅವಸರದಲ್ಲಿ ಅವರ ಹೆಸರನ್ನೂ ಕೇಳಲಿಲ್ಲ.

ಡಿಗ್ರಿ ಮುಗಿದು ಎಂಟು ತಿಂಗಳಾಗಿದ್ದ ಕಾಲವದು. ಕೆಲಸ ಸಿಕ್ಕಿರಲಿಲ್ಲ. ‘ಏನ್ ಮಾಡ್ತಿದೀಯಪ್ಪಾ?’ ಎಂಬ ಪ್ರಶ್ನೆಗೆ ಹೆದರಿ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಕೊನೆಗೆ ಮದುವೆ ಮನೆಗಳೇ ಕೈಹಿಡಿದವು. ಶಿವಮೊಗ್ಗದಲ್ಲಿ ಸ್ಟುಡಿಯೊ ಇಟ್ಟಿದ್ದ ಪರಿಚಯದವರೊಬ್ಬರ ಬಳಿ ಲೈಟ್ ಹಿಡಿಯುವ ಸಹಾಯಕನಾದೆ. ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ. ಬೈಕ್ ಅಣ್ಣನದು. ಡಿಸೆಂಬರಿನ ಒಂದು ಬೆಳಿಗ್ಗೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಕರಾವಳಿಗೆ ಹೊರಟೇಬಿಟ್ಟೆ.

ಎರಡು ದಿನ, ಎಂಟು ಜಾಗ. ನಗರದ ಕೋಟೆ, ಹುಲಿಕಲ್ ಘಾಟಿ, ಮರವಂತೆ, ಭಟ್ಕಳ, ಮುರುಡೇಶ್ವರ, ಹೊನ್ನಾವರ, ಅಪ್ಸರಕೊಂಡ, ಮಿರ್ಜಾನ್ ಕೋಟೆ. ಮೊಬೈಲಿನಲ್ಲಿ ಪಟ್ಟಿ ಇತ್ತು. ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋದೆವು. ಮನೆಗೆ ಬಂದು ನೋಡಿದರೆ ಸಾವಿರಕ್ಕೂ ಮಿಕ್ಕಿ ಫೋಟೊಗಳು! ಮಿರ್ಜಾನ್ ತಲುಪಿದ್ದು ನಡುಮಧ್ಯಾಹ್ನ, ಹಾಗಾಗಿ ಆಕಾಶವೆಲ್ಲ ಬಿಳಿ ಬಿಳಿ. ಮುರುಡೇಶ್ವರದ ಶಿವನ ಫೋಟೊ ಎಲ್ಲರ ವಾಟ್ಸ್‌ಆ್ಯಪ್ ಡಿಪಿಯಲ್ಲಿ ಇರುವಂಥದ್ದೇ. ಕಡಲಿನ ಗೆರೆ ಅರ್ಧಕ್ಕರ್ಧ ಫೋಟೊಗಳಲ್ಲಿ ಓರೆ. ಸ್ಟುಡಿಯೊದವರು ಎಲ್ಲವನ್ನೂ ಸರಸರನೆ ಸರಿಸಿ, ‘ನೀನು ಊರು ನೋಡಿಲ್ಲ ಮಾರಾಯ, ಲಿಸ್ಟ್ ಮುಗಿಸಿದ್ದೀಯ’ ಅಂದರು. ಒಂದೇ ಒಂದು ಫೋಟೊದ ಮೇಲೆ ಅವರ ಬೆರಳು ನಿಂತಿತು. ಅದು ಅಜ್ಜಿಯದು. ‘ಇದನ್ನ ಪ್ರಿಂಟ್ ಹಾಕ್ಸು.’

ಪ್ರಿಂಟ್ ಹಾಕಿಸಿದೆ. ಅದು ನನ್ನ ಸರ್ಟಿಫಿಕೇಟ್ ಫೈಲಿನಲ್ಲೇ ಹತ್ತು ತಿಂಗಳು ಕೂತಿತು. ಪ್ರತಿ ಇಂಟರ್‌ವ್ಯೂಗೆ ಮಾರ್ಕ್ಸ್ ಕಾರ್ಡ್ ತೆಗೆಯುವಾಗ ಅಜ್ಜಿ ಇಣುಕುತ್ತಿದ್ದರು. ನನಗೋ ಸಾಲ ಮಾಡಿ ತಲೆಮರೆಸಿಕೊಂಡವನ ಮುಜುಗರ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಮತ್ತೆ ಹೊರಟೆ. ಈ ಸಲ ಒಬ್ಬನೇ. ಪಟ್ಟಿಯಲ್ಲಿ ಇದ್ದದ್ದು ಮೂರೇ ಜಾಗ: ನಗರ, ಮರವಂತೆ, ಮಿರ್ಜಾನ್.

ಹೊಸನಗರ ದಾಟಿ ನಗರಕ್ಕೆ ಬಂದರೆ ರಸ್ತೆ ಪಕ್ಕದ ದಿಬ್ಬದ ಮೇಲೇ ಕೋಟೆ. ಇದು ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರ್‌ನಗರ ಎಂದು ಕರೆದ. ಕಾಲ ಹೈದರನನ್ನೂ ಬಿಟ್ಟು ಬರೀ ‘ನಗರ’ವನ್ನು ಉಳಿಸಿತು. ಹಿಂದಿನ ಸಲ ಇಲ್ಲಿ ಹದಿನೈದು ನಿಮಿಷ ಇದ್ದೆವು, ಅದರಲ್ಲಿ ಹತ್ತು ನಿಮಿಷ ಸೆಲ್ಫಿಗೆ. ಈ ಸಲ ಗೋಡೆಯ ಮೇಲೆ ಸುಮ್ಮನೆ ಕೂತೆ. ಘಟ್ಟದ ಮೇಲಿನ ಮೆಣಸು, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿದು ಹಡಗು ಹತ್ತುತ್ತಿದ್ದ ಕಾಲ ನೆನಪಾಯಿತು. ನಾನು ‘ರೋಡ್ ಟ್ರಿಪ್’ ಎಂದು ಹೆಮ್ಮೆಪಡುವ ಈ ಘಟ್ಟ–ಕಡಲಿನ ಓಡಾಟವನ್ನು ಎತ್ತಿನ ಮೇಲೆ ಹೇರು ಹೊರಿಸಿಕೊಂಡು ನಡೆದವರು ಎಂದೋ ಮಾಡಿ ಮುಗಿಸಿದ್ದರು. ಮೋಡದ ಮರೆಯಿಂದ ಬಿಸಿಲು ಇಳಿದು ಹಸಿರು ಗೋಡೆಯ ಒಂದು ತುಂಡಿನ ಮೇಲಷ್ಟೇ ಬಿತ್ತು. ಆ ದಿನದ ಮೊದಲ ಫೋಟೊ ಅದು.

ಘಾಟಿ ಇಳಿದು, ಕುಂದಾಪುರ ದಾಟಿ ಮರವಂತೆಗೆ ಬಂದಾಗ ಸಂಜೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಆದರೆ ಒಂದು ಸತ್ಯ ಹೇಳುತ್ತೇನೆ. ರಸ್ತೆಯ ಮೇಲೆ ನಿಂತರೆ ಎರಡೂ ಒಂದೇ ಫ್ರೇಮಿನಲ್ಲಿ ಸಿಗುವುದಿಲ್ಲ. ನೀವು ನೋಡಿರುವ ಪ್ರಸಿದ್ಧ ಫೋಟೊಗಳೆಲ್ಲ ಎತ್ತರದಿಂದ ತೆಗೆದವು. ಎರಡನ್ನೂ ಹಿಡಿಯುವ ಹಟದಲ್ಲಿ ಹೆದ್ದಾರಿಯ ನಡುವೆ ನಿಲ್ಲುವವರನ್ನು ಕಂಡಿದ್ದೇನೆ. ಮೊದಲ ಸಲ ನಾನೂ ನಿಂತಿದ್ದೆ. ಲಾರಿಯವರ ಹಾರ್ನ್ ಇನ್ನೂ ಕಿವಿಯಲ್ಲಿದೆ. ದಯವಿಟ್ಟು ಬೇಡ.

ಅಜ್ಜಿ ಅಲ್ಲಿರಲಿಲ್ಲ. ಮೀನು ಹರಡುತ್ತಿದ್ದ ಜಾಗವೂ ಗುರುತು ಸಿಗಲಿಲ್ಲ. ಫೋಟೊ ತೋರಿಸಿ ವಿಚಾರಿಸಿದಾಗ ಬಲೆ ಸರಿಮಾಡುತ್ತಿದ್ದವರೊಬ್ಬರು, ‘ಮಗಳ ಮನೆಗೆ ಹೋಗಿದ್ದಾರೆ, ನಾಡಿದ್ದು ಬರ್ತಾರೆ’ ಅಂದರು. ಫೋಟೊವನ್ನು ಅವರ ಕೈಗೇ ಕೊಟ್ಟು ಹೋಗೋಣ ಎನಿಸಿತು. ಯಾಕೋ ಕೈ ಬರಲಿಲ್ಲ.

ಮರುದಿನ ಮಿರ್ಜಾನ್. ಕುಮಟಾ ದಾಟಿ, ಅಘನಾಶಿನಿ ನದಿಗೆ ಹತ್ತಿರದಲ್ಲಿರುವ ಈ ಕೋಟೆ 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕರೆದದ್ದು ‘ಕಾಳುಮೆಣಸಿನ ರಾಣಿ’ ಎಂದು. ಕೋಟೆ ಪೂರ್ತಿ ಜಂಬಿಟ್ಟಿಗೆ ಕಲ್ಲಿನದು. ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆಯಂತೆ ಕಾಣುವ ಅದೇ ಗೋಡೆ ಮಳೆಗಾಲ ಕಳೆದ ಮೇಲೆ ಪಾಚಿ ಹೊದ್ದು ಹಚ್ಚಹಸಿರು. ಟ್ರೈಪಾಡ್ ಬಿಚ್ಚಲು ಹೋದಾಗ ಕಾವಲುಗಾರರು ತಡೆದರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಂತೆ. ಗೊತ್ತಿಲ್ಲದೆ ಹೋಗಿದ್ದು ನನ್ನದೇ ತಪ್ಪು. ಕ್ಯಾಮೆರಾವನ್ನು ಗೋಡೆಗೆ ಒರಗಿಸಿ, ಉಸಿರು ಬಿಗಿಹಿಡಿದು ತೆಗೆದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬಾವಿಗೆ ಇಳಿಯುವ ಮೆಟ್ಟಿಲುಗಳ ಒಂದೊಂದು ಅಂಚೂ ಎದ್ದು ಕಾಣುತ್ತಿತ್ತು. ಹಿಂದಿನ ಸಲ ನಾನು ಆ ಬಾವಿಯನ್ನೇ ನೋಡಿರಲಿಲ್ಲ.

ಹೊರಡಬೇಕೆಂದಿರುವವರಿಗೆ ಎರಡು ಮಾತು. ಕಡಲ ಫೋಟೊಗೆ ಲೆನ್ಸ್‌ಗಿಂತ ಉಬ್ಬರ–ಇಳಿತದ ಸಮಯ ಮುಖ್ಯ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ನಿಂತ ಬಂಡೆ ಇವತ್ತು ಅದೇ ಹೊತ್ತಿಗೆ ನೀರಿನಲ್ಲಿರಬಹುದು. ಉಪ್ಪು ಗಾಳಿ ಕ್ಯಾಮೆರಾದ ಶತ್ರು. ರೂಮಿಗೆ ಬಂದವರೇ ಮೊದಲು ಅದನ್ನು ಒರೆಸಿ, ಆಮೇಲೆ ಊಟ ಮಾಡಿ.

ಕುಮಟಾದಿಂದ ಶಿವಮೊಗ್ಗಕ್ಕೆ ಹೊನ್ನಾವರ, ಜೋಗ, ಸಾಗರದ ಮೇಲೆ ಬರುವುದು ಸುಲಭ. ಮತ್ತೆ ಮರವಂತೆಗೆ ಹೋಗಬೇಕೆಂದರೆ ಇನ್ನೊಂದು ರಾತ್ರಿಯ ರೂಮು, ಹೆಚ್ಚುವರಿ ಪೆಟ್ರೋಲ್. ಪರ್ಸಿನಲ್ಲಿ ಇದ್ದದ್ದು ಒಂಬೈನೂರು ಚಿಲ್ಲರೆ. ಹೊನ್ನಾವರದಲ್ಲಿ ಶರಾವತಿಯ ದಡದಲ್ಲಿ ಬೈಕ್ ನಿಲ್ಲಿಸಿ ಟೀ ಕುಡಿಯುತ್ತಾ ಲೆಕ್ಕ ಹಾಕಿದೆ. ರೂಮು ಬಿಟ್ಟರೆ ಪೆಟ್ರೋಲಿಗೆ ಸಾಲುತ್ತಿತ್ತು. ಆ ರಾತ್ರಿ ಕುಂದಾಪುರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಳೆದೆ.

ಬೆಳಿಗ್ಗೆ ಅಜ್ಜಿ ಸಿಕ್ಕರು. ನನ್ನ ಗುರುತು ಅವರಿಗಿರಲಿಲ್ಲ. ಕವರಿನಿಂದ ಫೋಟೊ ತೆಗೆದು ಕೈಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದರು. ತಮ್ಮ ಮುಖ ನೋಡಿ ನಗುತ್ತಾರೆ ಎಂದುಕೊಂಡಿದ್ದೆ. ಅವರ ಬೆರಳು ಹೋದದ್ದು ಮುಖದ ಹಿಂದೆ, ಮಸುಕಾಗಿ ಕಾಣುತ್ತಿದ್ದ ತೆಂಗಿನ ಮರದ ಮೇಲೆ. ಸುಮ್ಮನೆ ನೋಡುತ್ತಾ ನಿಂತರು. ಆಮೇಲೆ ಕಡಲಿನ ಕಡೆ ಕೈ ತೋರಿಸಿದರು. ಗಂಡ ನೆಟ್ಟ ಮರವಂತೆ ಅದು. ಆ ವರ್ಷದ ಮಳೆಗಾಲದಲ್ಲಿ ಕಡಲು ದಂಡೆಯನ್ನು ಕೊರೆದಾಗ ಬುಡಸಮೇತ ಹೋಯಿತಂತೆ.

ನಾನು ಆ ಮರವನ್ನು ಬೇಕೆಂದೇ ಮಸುಕು ಮಾಡಿದ್ದೆ. ‘ಬ್ಯಾಕ್‌ಗ್ರೌಂಡ್ ಬ್ಲರ್ ಸೂಪರ್’ ಎಂದು ಗೆಳೆಯರು ಕಮೆಂಟ್ ಹಾಕಿದ್ದರು. ಅಜ್ಜಿಗೆ ಬೇಕಿದ್ದದ್ದು ಆ ಬ್ಲರ್ ಆದದ್ದೇ. ‘ಮರ ಸ್ಪಷ್ಟ ಇಲ್ಲ ಅಜ್ಜಿ, ಕ್ಷಮಿಸಿ’ ಅಂದೆ. ‘ನಂಗೆ ಕಾಣ್ತತ್’ ಅಂದರು. ಗಂಜಿ, ಒಣಮೀನು ಕೊಟ್ಟರು. ಹೊಟ್ಟೆ ತುಂಬ ಉಂಡೆ.

ಇತ್ತೀಚೆಗೆ ಒಂದು ಇಂಟರ್‌ವ್ಯೂನಲ್ಲಿ ಮತ್ತದೇ ಪ್ರಶ್ನೆ ಬಂತು: ‘ಇಷ್ಟು ದಿನ ಏನು ಮಾಡಿದಿರಿ?’ ಮೊದಲಾದರೆ ತಲೆ ತಗ್ಗಿಸುತ್ತಿದ್ದೆ. ಈ ಸಲ ಮದುವೆ ಫೋಟೊ ಕೆಲಸದ ಬಗ್ಗೆ, ಕೋಟೆಗಳ ಬಗ್ಗೆ, ಮರವಂತೆಯ ಬಗ್ಗೆ ಹೇಳಿದೆ. ಕೆಲಸವೇನೋ ಸಿಗಲಿಲ್ಲ. ಆದರೆ ಉತ್ತರವಿತ್ತು.

ಈಗ ಎಲ್ಲಿಗೇ ಹೋದರೂ ಹಿನ್ನೆಲೆಯನ್ನೂ ಸ್ಪಷ್ಟವಾಗಿಟ್ಟು ಒಂದು ಫೋಟೊ ತೆಗೆಯುತ್ತೇನೆ. ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ಫೈಲಿನಲ್ಲಿ ಸದ್ಯ ಇನ್ನೂ ನಾಲ್ಕು ಪ್ರಿಂಟ್‌ಗಳಿವೆ. ಮುಂದಿನ ಮದುವೆ ಸೀಸನ್ ಮುಗಿಯಲಿ, ಹೊರಡಬೇಕು.